ಹೊಸ ವಿಚಾರಕ್ಕೆ ಸಂಸ್ಥೆಯಲ್ಲಿ ಇಂಬು

(ಶಾಲೆಯ ವಾರ್ಷಿಕ ಸ್ನೇಹಸಮ್ಮೇಳನದಲ್ಲಿ ಪಾಲಕರನ್ನೂ ವಿದ್ಯಾರ್ಥಿಗಳನ್ನೂ ಕುರಿತು ಮುಖ್ಯಾಧ್ಯಾಪಕರು ಮಾಡಿದ ಭಾಷಣ)



ಸಂಸ್ಥೆಯ ವಾರ್ಷಿಕ ವರದಿಯನ್ನು ಕಾರ್ಯದರ್ಶಿಗಳು ಈಗತಾನೆ ಓದಿ ಮುಗಿಸಿದ್ದಾರೆ. ಪರೀಕ್ಷೆಯ ಫಲಿತಾಂಶ, ಆಟದ ಸ್ಪರ್ಧೆಗಳು, ದಾನಿಗಳ ಔದಾರ್ಯ, ಕಟ್ಟಡದ ದುರಸ್ತಿ ಇವೆಲ್ಲವನ್ನೂ ತಾವು ಕೇಳಿದ್ದೀರಿ. ಅವನ್ನೇ ಮತ್ತೆ ವರ್ಣಿಸಿ ತಮ್ಮ ತಾಳ್ಮೆಯನ್ನು ಪರೀಕ್ಷಿಸುವುದು ನಮ್ಮ ಉದ್ದೇಶವಲ್ಲ. ವರದಿಯ ಯಾವ ಪುಟದಲ್ಲಿಯೂ ಸಾಮಾನ್ಯವಾಗಿ ಕಾಣಿಸಿಕೊಳ್ಳದ ಒಂದು ಪ್ರಶ್ನೆಯನ್ನು ಇಂದು ತಮ್ಮ ಮುಂದಿಡಬೇಕೆಂದಿದ್ದೇವೆ. ಒಂದು ಸಂಸ್ಥೆಯಲ್ಲಿ ಯಾರಿಗಾದರೂ ಹೊಸದೊಂದು ವಿಚಾರ ಹೊಳೆದರೆ ಮುಂದೆ ಆ ವಿಚಾರದ ಗತಿ ಏನಾಗುತ್ತದೆ? ಇದೇ ಆ ಪ್ರಶ್ನೆ.

ಹೊಸ ವಿಚಾರವೆಂದರೆ ಮಹಾಮೇಧಾವಿಗಳ ಸೊತ್ತೆಂಬ ನಂಬಿಕೆ ನಮ್ಮಲ್ಲಿ ಬಹಳವಾಗಿದೆ. ವಾಸ್ತವವಾಗಿ ನೋಡಿದರೆ, ಕೆಲಸ ಮಾಡುವ ಪ್ರತಿಯೊಬ್ಬನಿಗೂ ಆ ಕೆಲಸವನ್ನು ಇನ್ನೊಂದು ಬಗೆಯಲ್ಲಿ ಮಾಡಿದರೆ ಒಳಿತಾದೀತೆಂಬ ಯೋಚನೆ ಒಂದಿಲ್ಲೊಂದು ದಿನ ಬಂದೇ ಬರುತ್ತದೆ. ಮಗ್ಗದ ಮುಂದೆ ನಿಂತವನಿಗೆ ಬರುತ್ತದೆ. ಅಡಿಗೆಮನೆಯಲ್ಲಿರುವ ತಾಯಿಗೆ ಬರುತ್ತದೆ. ಕೊನೆಯ ಬಾಕಿನ ಮೇಲೆ ಕುಳಿತ ಹುಡುಗನಿಗೂ ಬರುತ್ತದೆ. ಬೀಜಕ್ಕೆ ಬರವಿಲ್ಲ, ಬರವಿರುವುದು ಹದಮಾಡಿದ ನೆಲಕ್ಕೆ. ಹೇಳುವವನಿಗೆ ಕೇಳುವವರಿಲ್ಲ; ಕೇಳಿದವರಿಗೆ ನೆನಪಿಲ್ಲ; ನೆನಪಿದ್ದವರಿಗೆ ಅಧಿಕಾರವಿಲ್ಲ; ಅಧಿಕಾರವಿದ್ದವರಿಗೆ ಪುರಸತ್ತಿಲ್ಲ. ಹೀಗೆ ನಾಲ್ಕು ಹೊಸ್ತಿಲುಗಳಲ್ಲಿ ಎಡವಿ ಎಷ್ಟೋ ಒಳ್ಳೆಯ ವಿಚಾರಗಳು ಹುಟ್ಟಿದಲ್ಲಿಯೇ ಅಳಿದುಹೋಗುತ್ತವೆ. ಈ ಹೊಸ್ತಿಲುಗಳನ್ನು ದಾಟಿಸಲು ಜಗತ್ತಿನ ಬೇರೆಬೇರೆ ಸಂಸ್ಥೆಗಳು ಏನು ಮಾಡಿದವು, ಎಲ್ಲಿ ಗೆದ್ದವು, ಎಲ್ಲಿ ಸೋತವು ಎಂಬುದನ್ನು ಮೊದಲು ನೋಡೋಣ. ಅನಂತರ ನಮ್ಮ ಮನೆಯ ಮಾತಿಗೆ ಬರೋಣ.

ಮೊದಲನೆಯ ದೃಷ್ಟಾಂತ ಜಪಾನಿನದು. ಅಲ್ಲಿ ತೊಕುಗಾವಾ ವಂಶದ ಎಂಟನೆಯ ಶೋಗುನನಾದ ಯೊಶಿಮುನೆ ಎಂಬವನು ಆಳುತ್ತಿದ್ದನು. ಶೋಗುನನೆಂದರೆ ಚಕ್ರವರ್ತಿಯ ಹೆಸರಿನಲ್ಲಿ ಅಧಿಕಾರ ನಡೆಸುವ ಸೇನಾಧಿಪತಿ. 1721ರಲ್ಲಿ ಅವನು ರಾಜಧಾನಿಯಾದ ಎದೊ ನಗರದಲ್ಲಿ, ಎಂದರೆ ಇಂದಿನ ಟೋಕಿಯೋದಲ್ಲಿ, ನ್ಯಾಯಸ್ಥಾನದ ಬಾಗಿಲ ಬಳಿ ಬೀಗ ಹಾಕಿದ ಒಂದು ಪೆಟ್ಟಿಗೆಯನ್ನಿಡಿಸಿದನು. ತಿಂಗಳಿಗೆ ಮೂರು ಸಲ ಅದನ್ನು ಹೊರಗಿಡುತ್ತಿದ್ದರು. ಪ್ರಜೆಗಳಲ್ಲಿ ಯಾರು ಬೇಕಾದರೂ ತಮ್ಮ ದೂರನ್ನಾಗಲಿ ಸಲಹೆಯನ್ನಾಗಲಿ ಬರೆದು ಅದರಲ್ಲಿ ಹಾಕಬಹುದಾಗಿತ್ತು. ಆದರೆ ಹೆಸರು ಮತ್ತು ವಾಸಸ್ಥಳವನ್ನು ಬರೆಯಲೇಬೇಕು. ಹೆಸರಿಲ್ಲದ ಪತ್ರಗಳಿಗೆ ಅಲ್ಲಿ ಬೆಲೆಯಿರಲಿಲ್ಲ. ಬೀಗವನ್ನು ತೆಗೆದು ಪತ್ರಗಳನ್ನು ಓದುವವನು ಸ್ವತಃ ಶೋಗುನನೇ. ನಡುವೆ ಗುಮಾಸ್ತೆಯ ಕೈಯಿಲ್ಲ, ಮಂತ್ರಿಯ ಕೈಯಿಲ್ಲ.

ಆ ಪೆಟ್ಟಿಗೆಯಲ್ಲಿ ಒಗಾವಾ ಶೋಸೆನ್ ಎಂಬ ವೈದ್ಯನ ಪತ್ರವೊಂದು ಬಂದಿತು. ಆರೈಕೆ ಮಾಡುವವರಿಲ್ಲದ ಬಡ ರೋಗಿಗಳಿಗಾಗಿ ಒಂದು ಆಸ್ಪತ್ರೆಯಾಗಬೇಕೆಂಬುದು ಅದರ ಸಾರ. 1722ರಲ್ಲಿ ಕೊಯಿಶಿಕಾವಾ ಎಂಬಲ್ಲಿ ಸರಕಾರದ ಔಷಧಿವನದೊಳಗೆ ಅಂಥ ಆಸ್ಪತ್ರೆ ತೆರೆಯಿತು. ಪತ್ರ ಬರೆದ ವೈದ್ಯನಿಗೇ ಅಲ್ಲಿಯ ಹೊಣೆ ಬಂದಿತು. ಆ ಆಸ್ಪತ್ರೆ ಶೋಗುನರ ಆಳಿಕೆ ಮುಗಿಯುವತನಕವೂ ಬಡವರ ಸೇವೆ ಮಾಡಿತು.

ವಿದ್ಯಾರ್ಥಿಗಳೆ, ಇಲ್ಲಿ ಪೆಟ್ಟಿಗೆಗಿಂತ ಬೀಗದ ಕೈ ದೊಡ್ಡದೆಂಬುದನ್ನು ಗಮನಿಸಿರಿ. ಪೆಟ್ಟಿಗೆಯನ್ನು ಯಾವ ಬಡಗಿಯಾದರೂ ಮಾಡಿಕೊಡುತ್ತಾನೆ. ಅದನ್ನು ತೆರೆಯುವವನು ನಿರ್ಣಯ ಮಾಡಬಲ್ಲವನಾಗಿರಬೇಕು ಮತ್ತು ನಿಯತಕಾಲಕ್ಕೆ ತೆರೆಯುವವನಾಗಿರಬೇಕು. ತೆರೆಯದ ಪೆಟ್ಟಿಗೆಯನ್ನು ಗೋಡೆಗೆ ತೂಗಹಾಕುವುದಕ್ಕಿಂತ ಪೆಟ್ಟಿಗೆಯೇ ಇಲ್ಲದಿರುವುದು ಮೇಲು. ಏಕೆಂದರೆ ತೆರೆಯದ ಪೆಟ್ಟಿಗೆ, ನಿಮ್ಮ ಮಾತು ನಮಗೆ ಬೇಡವೆಂಬುದನ್ನು ದಿನವೂ ಸಾರುತ್ತ ನಿಂತಿರುತ್ತದೆ.

ಕೇಳಿದ ಮೇಲೆ ತೂಗಿ ನೋಡುವ ಕೆಲಸ ಬರುತ್ತದೆ. ಸ್ಕಾಟ್‌ಲಂಡಿನ ಡಂಬಾರ್ಟನ್ ಪಟ್ಟಣದಲ್ಲಿ ವಿಲಿಯಂ ಡೆನ್ನಿ ಎಂಬವರ ಮನೆತನದ ಹಡಗು ಕಟ್ಟುವ ಕಾರಖಾನೆಯಿತ್ತು. 1880ರಲ್ಲಿ ಅವರು ತಮ್ಮ ಕೆಲಸಗಾರರಿಗಾಗಿ ಒಂದು ಬಹುಮಾನದ ಯೋಜನೆಯನ್ನು ಆರಂಭಿಸಿದರು. ಉಪಕರಣದಲ್ಲಾಗಲಿ ಕೆಲಸದ ರೀತಿಯಲ್ಲಾಗಲಿ ಯಾವನಾದರೂ ಕೆಲಸಗಾರನು ಸುಧಾರಣೆಯನ್ನು ಸೂಚಿಸಿದರೆ ಅದನ್ನು ಪರಿಶೀಲಿಸಲು ಒಂದು ಸಮಿತಿ. ಯೋಗ್ಯವೆಂದು ಕಂಡರೆ ನಗದು ಬಹುಮಾನ. ದಿನವಿಡೀ ಸುತ್ತಿಗೆ ಹಿಡಿದವನ ತಲೆಗೂ ಕೂಲಿಯುಂಟೆಂದು ಒಪ್ಪಿದ ಮೊದಲಿಗರಲ್ಲಿ ಅವರೊಬ್ಬರು.

ಅದೇ ಡೆನ್ನಿಯವರು 1883ರಲ್ಲಿ ಮತ್ತೊಂದು ಕೆಲಸ ಮಾಡಿದರು. ಉದ್ದನೆಯ ನೀರಿನ ತೊಟ್ಟಿಯೊಂದನ್ನು ಕಟ್ಟಿಸಿ, ಮಾಡಬೇಕಾದ ಹಡಗಿನ ಸಣ್ಣ ಮೇಣದ ಪ್ರತಿಕೃತಿಯನ್ನು ಅದರಲ್ಲಿ ಎಳೆದು, ನೀರು ಅದನ್ನು ಎಷ್ಟು ತಡೆಯುತ್ತದೆಂದು ಅಳೆಯುವ ಏರ್ಪಾಡನ್ನು ಮಾಡಿದರು. ವ್ಯಾಪಾರೀ ಹಡಗುಕಟ್ಟೆಯೊಂದು ಇಂಥ ತೊಟ್ಟಿಯನ್ನು ಕಟ್ಟಿಸಿದ್ದು ಜಗತ್ತಿನಲ್ಲಿ ಅದೇ ಮೊದಲು. ಈ ಎರಡು ಏರ್ಪಾಡುಗಳಿಗೆ ಒಳಗಿನ ಸಂಬಂಧವುಂಟು. ಹೊಸ ವಿಚಾರವನ್ನು ಒಮ್ಮೆಲೆ ನಂಬಿ ಸಾವಿರಾರು ಪೌಂಡು ಸುರಿಯಲೂ ಬೇಡ, ಅಂಜಿ ಬಿಸಾಡಲೂ ಬೇಡ. ಮೇಣದಲ್ಲಿ ಮಾಡಿ ತೊಟ್ಟಿಯಲ್ಲಿ ತೇಲಿಸಿ ನೋಡು. ಮೇಣದ ಹಡಗು ಕೆಟ್ಟರೆ ಅದನ್ನು ಕರಗಿಸಿ ಇನ್ನೊಂದನ್ನು ಮಾಡಬಹುದು. ನಿಜವಾದ ಹಡಗು ಕೆಟ್ಟರೆ ಮನೆತನವೇ ಮುಳುಗುತ್ತದೆ.

ಮೂರನೆಯ ಮಾತು ಸಣ್ಣ ಸಲಹೆಗಳನ್ನು ಕುರಿತದ್ದು. ನಮ್ಮ ಸೊಲ್ಲಾಪುರದ ಸೀಮೆಯಲ್ಲಿ ಮಗ್ಗದ ಸದ್ದು ಕೇಳದವರಿಲ್ಲ. ಆದುದರಿಂದ ಮಗ್ಗದಿಂದಲೇ ಆರಂಭಿಸೋಣ. ಜಪಾನಿನಲ್ಲಿ ಬಡಗಿಯ ಮಗನಾದ ಸಾಕಿಚಿ ತೊಯೋದಾ ಎಂಬವರು 1891ರಲ್ಲಿ ಮರದ ಕೈಮಗ್ಗವೊಂದಕ್ಕೆ ತಮ್ಮ ಮೊದಲನೆಯ ಸ್ವಾಮ್ಯದ ಹಕ್ಕನ್ನು ಪಡೆದರು. 1924ರ ಹೊತ್ತಿಗೆ, ನೂಲು ಹರಿದೊಡನೆ ತಾನಾಗಿಯೇ ನಿಲ್ಲುವ ಸ್ವಯಂಚಾಲಿತ ಮಗ್ಗವನ್ನು ಸಿದ್ಧಪಡಿಸಿದರು. ಹರಿದ ನೂಲಿನಿಂದಲೇ ಗಜಗಟ್ಟಲೆ ಕೆಟ್ಟ ಬಟ್ಟೆ ನೇಯ್ದು ಆಮೇಲೆ ಮರುಗುವ ಬದಲು, ದೋಷ ಕಂಡಲ್ಲಿಯೇ ಯಂತ್ರ ನಿಲ್ಲಬೇಕೆಂಬುದು ಅವರ ತತ್ತ್ವ.

ಆ ಮನೆತನದವರೇ ಮುಂದೆ ಮೋಟಾರು ಕಾರುಗಳನ್ನು ಮಾಡತೊಡಗಿದರು. 1950ರಲ್ಲಿ ಐಜಿ ತೊಯೋದಾ ಅವರು ಅಮೇರಿಕೆಗೆ ಹೋಗಿ ಫೋರ್ಡ್ ಕಾರಖಾನೆಯನ್ನು ನೋಡಿದರು. ಕೆಲಸಗಾರರಿಂದ ಸಲಹೆ ಪಡೆಯುವ ಪದ್ಧತಿಯನ್ನು ಅಲ್ಲಿ ಕಂಡರು. 1951ರಲ್ಲಿ ತಮ್ಮ ಕಾರಖಾನೆಯಲ್ಲಿ ಅದನ್ನು ಆರಂಭಿಸಿದರು. ಆ ಪದ್ಧತಿ ಜಪಾನಿನ ಮಣ್ಣಿನಲ್ಲಿ ಬೇರೊಂದು ರೂಪ ತಾಳಿತು. ದೊಡ್ಡ ಲಾಭದ ದೊಡ್ಡ ಯೋಜನೆಯನ್ನೇ ಅಲ್ಲಿ ಕಾಯುತ್ತ ಕೂಡ್ರಲಿಲ್ಲ. ಬೋಲ್ಟಿನ ಬುಟ್ಟಿಯನ್ನು ಕೈಗೆಟಕುವಲ್ಲಿ ಇಡುವುದು, ಬಾಗಿ ಮಾಡುವ ಕೆಲಸವನ್ನು ನಿಂತು ಮಾಡುವಂತೆ ಮೇಜನ್ನು ಎತ್ತರಿಸುವುದು ಇಂಥ ಅಲ್ಪವೆಂದು ತೋರುವ ಸಲಹೆಗಳಿಗೂ ಅಲ್ಲಿ ಮರ್ಯಾದೆ. ಸಲಹೆ ದೂರದ ದೊಡ್ಡ ಅಧಿಕಾರಿಗೆ ಹೋಗಿ ಮಲಗುವುದಿಲ್ಲ. ಬಳಿಯ ಮೇಲ್ವಿಚಾರಕನೇ ಕೇಳುತ್ತಾನೆ, ಬೇಗ ಉತ್ತರ ಹೇಳುತ್ತಾನೆ, ಸಾಧ್ಯವಾದರೆ ಹೇಳಿದವನ ಕೈಯಿಂದಲೇ ಅದನ್ನು ಮಾಡಿಸುತ್ತಾನೆ. ದೋಷ ಕಂಡರೆ ಹಗ್ಗ ಜಗ್ಗಿ ಇಡಿಯ ಸಾಲಿನ ಕೆಲಸವನ್ನು ನಿಲ್ಲಿಸುವ ಅಧಿಕಾರವನ್ನು ಸಾಮಾನ್ಯ ಕೆಲಸಗಾರನಿಗೂ ಕೊಟ್ಟರು. ನೂಲು ಹರಿದಾಗ ನಿಲ್ಲುವ ಮಗ್ಗದ ಬುದ್ಧಿಯನ್ನು ಸಂಸ್ಥೆಗೇ ಕಲಿಸಿದಂತಾಯಿತು.

ಸಣ್ಣ ವಿಚಾರಗಳನ್ನು ಹೀಗೆ ಕೂಡಲೇ ನಿರ್ಣಯಿಸಬಹುದು. ಆದರೆ ಕೆಲವು ವಿಚಾರಗಳು ಹುಟ್ಟಿದಾಗ ಅವುಗಳ ಉಪಯೋಗ ಯಾರಿಗೂ ಕಾಣುವುದಿಲ್ಲ. ಅಂಥವುಗಳಿಗೆ ಬೇಕಾದದ್ದು ಕಾಲ. ಅಮೇರಿಕೆಯ ಮಿನ್ನೆಸೋಟಾ ಪ್ರಾಂತದಲ್ಲಿ 1902ರಲ್ಲಿ ಒಂದು ಗಣಿಯ ಕಂಪನಿ ಹುಟ್ಟಿತು. ಇಂದು ಅದನ್ನು ತ್ರೀ ಎಂ ಎಂದು ಕರೆಯುತ್ತಾರೆ. ಗಣಿಯಲ್ಲಿ ಸಿಕ್ಕ ಕಲ್ಲು ನಿರುಪಯೋಗಿಯಾಯಿತು. ಕಂಪನಿ ಉಪ್ಪುಕಾಗದ ಮಾಡಿ ಜೀವ ಹಿಡಿದುಕೊಂಡಿತು. ಅಲ್ಲಿಯ ರಿಚರ್ಡ್ ಡ್ರೂ ಎಂಬ ತರುಣನು ಉಪ್ಪುಕಾಗದದ ಪರೀಕ್ಷೆಗೆಂದು ಮೋಟಾರುಗಳಿಗೆ ಬಣ್ಣ ಹಚ್ಚುವಲ್ಲಿ ಹೋಗುತ್ತಿದ್ದನು. ಆಗ ಎರಡು ಬಣ್ಣದ ಮೋಟಾರು ಜನರ ಮೆಚ್ಚಿಕೆ ಪಡೆದಿತ್ತು. ಒಂದು ಬಣ್ಣದ ಮೇಲೆ ಕಾಗದ ಅಂಟಿಸಿ ಇನ್ನೊಂದನ್ನು ಹಚ್ಚಿ, ಕಾಗದ ಕಿತ್ತರೆ ಅದರೊಡನೆ ಬಣ್ಣವೂ ಕಿತ್ತು ಬರುತ್ತಿತ್ತು. ಬಣ್ಣಗಾರರ ಬೈಗುಳವನ್ನು ಕೇಳಿದ ಡ್ರೂ, ಹಿಡಿಯಬೇಕು ಆದರೆ ಕೀಳಬಾರದು, ಅಂಥ ಅಂಟುಪಟ್ಟಿಯನ್ನು ಮಾಡುವೆನೆಂದು ತೊಡಗಿದನು. ಮೇಲಧಿಕಾರಿಯಾದ ವಿಲಿಯಂ ಮ್ಯಾಕ್‌ನೈಟ್ ಅವರು ಅದನ್ನು ಬಿಟ್ಟು ನೇಮಿಸಿದ ಕೆಲಸ ಮಾಡೆಂದರು. ಡ್ರೂ ಬಿಡಲಿಲ್ಲ. 1925ರಲ್ಲಿ ಅಂಟುಪಟ್ಟಿ ಸಿದ್ಧವಾಯಿತು. ಕಂಪನಿಯ ಭಾಗ್ಯ ತೆರೆಯಿತು.

ಮ್ಯಾಕ್‌ನೈಟ್ ಅವರ ಹಿರಿತನ ಮುಂದಿನ ನಡೆಯಲ್ಲಿದೆ. ಒಳ್ಳೆಯ ಜನರನ್ನು ತೆಗೆದುಕೊಂಡ ಮೇಲೆ ಅವರನ್ನು ಅವರ ದಾರಿಗೆ ಬಿಡಬೇಕು, ತಪ್ಪಾದರೆ ತಾಳಿಕೊಳ್ಳಬೇಕು ಎಂಬ ನೀತಿಯನ್ನು ಅವರು 1948ರಲ್ಲಿ ಸ್ಪಷ್ಟವಾಗಿ ಹೇಳಿದರು. ಸಂಶೋಧಕರು ತಮ್ಮ ಕೆಲಸದ ವೇಳೆಯಲ್ಲಿ ನೂರಕ್ಕೆ 15ರಷ್ಟನ್ನು ತಮಗೆ ಹೊಳೆದ ವಿಚಾರಕ್ಕೆ ವಿನಿಯೋಗಿಸಬಹುದೆಂಬ ರೂಢಿಯೂ ಅಲ್ಲಿ ಬೆಳೆಯಿತು. ಅದರ ಫಲವನ್ನು ಮುಂದಿನ ಪೀಳಿಗೆ ಉಂಡಿತು. 1968ರಲ್ಲಿ ಸ್ಪೆನ್ಸರ್ ಸಿಲ್ವರ್ ಎಂಬ ರಸಾಯನಶಾಸ್ತ್ರಜ್ಞರು ಗಟ್ಟಿಯಾದ ಅಂಟನ್ನು ಹುಡುಕುತ್ತ ಹೋಗಿ, ಹಗುರವಾಗಿ ಹಿಡಿದು ಹಗುರವಾಗಿ ಬಿಡುವ ಅಂಟೊಂದನ್ನು ಕಂಡರು. ಅದರಿಂದ ಏನು ಪ್ರಯೋಜನವೆಂದು ಅವರಿಗೂ ತಿಳಿಯದು, ಇತರರಿಗೂ ತಿಳಿಯದು. ಆದರೂ ಕಂಪನಿಯೊಳಗೆ ವರ್ಷಗಟ್ಟಲೆ ಅದನ್ನು ಕುರಿತು ಹೇಳುತ್ತಲೇ ಹೋದರು. 1974ರಲ್ಲಿ ಆರ್ಟ್ ಫ್ರೈ ಎಂಬ ಸಹೋದ್ಯೋಗಿಗೆ, ಚರ್ಚಿನಲ್ಲಿ ಹಾಡುವಾಗ ತಮ್ಮ ಹಾಡಿನ ಪುಸ್ತಕದಲ್ಲಿಟ್ಟ ಗುರುತಿನ ಚೀಟಿಗಳು ಉದುರಿಬೀಳುವುದು ದೊಡ್ಡ ಕಾಟವಾಗಿತ್ತು. ಸಿಲ್ವರ್ ಅವರ ಅಂಟು ನೆನಪಿಗೆ ಬಂದಿತು. ಈ ಇಬ್ಬರ ವಿಚಾರಗಳು ಕೂಡಿ ಹುಟ್ಟಿದ್ದೇ ಇಂದು ಕಚೇರಿಗಳಲ್ಲಿ ಕಾಣುವ ಹಳದಿಯ ಅಂಟುಚೀಟಿ. ಅದು ಅಮೇರಿಕೆಯ ಪೇಟೆಗೆಲ್ಲ ಬಂದದ್ದು 1980ರಲ್ಲಿ. ಹುಟ್ಟಿದಂದಿನಿಂದ ಪೇಟೆಗೆ ಬರಲು 12 ವರುಷ! ಒಬ್ಬನ ಬಳಿ ಉತ್ತರವಿದ್ದು ಪ್ರಶ್ನೆಯಿಲ್ಲ. ಇನ್ನೊಬ್ಬನ ಬಳಿ ಪ್ರಶ್ನೆಯಿದ್ದು ಉತ್ತರವಿಲ್ಲ. ಇಬ್ಬರನ್ನೂ ಒಂದೆಡೆ ತರುವುದೇ ಸಂಸ್ಥೆಯ ಕೆಲಸ. ಇಂದು ಉಪಯೋಗ ಕಾಣದ ವಿಚಾರವನ್ನು ಬರೆದಿಟ್ಟು ಕಾಪಾಡುವ ಗುಣವೂ ಅದಕ್ಕೆ ಬೇಕು.

ಇಷ್ಟು ಕೇಳಿದ ಮೇಲೆ, ಪೆಟ್ಟಿಗೆ, ಸಮಿತಿ, ಬಹುಮಾನ, ಬಿಡುವು ಇವಿಷ್ಟಿದ್ದರೆ ಸಂಸ್ಥೆ ಚಿರಂಜೀವಿಯೆಂದು ತೋರಬಹುದು. ಹಾಗಿಲ್ಲವೆಂಬುದಕ್ಕೆ ಕೊಡ್ಯಾಕ್ ಕಂಪನಿ ಸಾಕ್ಷಿ. ಛಾಯಾಚಿತ್ರದ ಫಿಲ್ಮಿನಲ್ಲಿ ಅದು ಜಗತ್ಪ್ರಸಿದ್ಧವಾಗಿತ್ತು. 1898ರಷ್ಟು ಹಿಂದೆಯೇ ಅಲ್ಲಿ ಕೆಲಸಗಾರರ ಸಲಹೆಯ ಪದ್ಧತಿ ಆರಂಭವಾಗಿತ್ತು. ಕಾರಖಾನೆಯ ಕಿಟಕಿಗಳನ್ನು ತೊಳೆದರೆ ಬೆಳಕು ಹೆಚ್ಚು ಬರುವುದೆಂದು ಸೂಚಿಸಿದ ಕೆಲಸಗಾರನೊಬ್ಬನಿಗೆ ಆಗ 2 ಡಾಲರು ಬಹುಮಾನ ಸಂದಿತ್ತು. ಅದೇ ಕಂಪನಿಯಲ್ಲಿ 1975ರಲ್ಲಿ ಸ್ಟೀವನ್ ಸ್ಯಾಸನ್ ಎಂಬ ತರುಣ ಇಂಜಿನಿಯರರು ಫಿಲ್ಮೇ ಬೇಡದ ಕ್ಯಾಮರಾವನ್ನು ಮಾಡಿ ತೋರಿಸಿದರು. ಅದರ ತೂಕ ಸುಮಾರು ಮೂರೂವರೆ ಕಿಲೋಗ್ರಾಂ; ಒಂದು ಚಿತ್ರವನ್ನು ಕ್ಯಾಸೆಟ್ಟಿನ ಮೇಲೆ ಬರೆದುಕೊಳ್ಳಲು ಅದಕ್ಕೆ 23 ಸೆಕೆಂಡು ಬೇಕು. ಇಂದು ತಮ್ಮೆಲ್ಲರ ಮೊಬೈಲಿನಲ್ಲಿರುವ ಕ್ಯಾಮರಾದ ಪೂರ್ವಜ ಅದೇ.

ಹಿರಿಯರು ನೋಡಿದರು, ಸ್ವಾಮ್ಯದ ಹಕ್ಕನ್ನೂ ಪಡೆದರು. ಆದರೆ ಮನಸ್ಸಿಟ್ಟು ಮುನ್ನಡೆಸಲಿಲ್ಲ. ಕಾರಣ ಬುದ್ಧಿಯ ಕೊರತೆಯಲ್ಲ. ಕಂಪನಿಯ ಅನ್ನವೆಲ್ಲ ಫಿಲ್ಮಿನಿಂದ ಬರುತ್ತಿತ್ತು. ಫಿಲ್ಮನ್ನೇ ಬೇಡವೆನ್ನುವ ವಿಚಾರವನ್ನು ಮನೆಯೊಳಗೆ ಸಾಕುವುದು ಹೇಗೆ? ಮುಂದೆ ಅವರೂ ಅಂಥ ಕ್ಯಾಮರಾಗಳನ್ನು ಮಾಡಿದರು, ಹಣವನ್ನೂ ಸುರಿದರು. ಆದರೆ ಆ ಹೊತ್ತಿಗೆ ಇತರರು ಬಹುದೂರ ಸಾಗಿದ್ದರು. 2012ರ ಜನೆವರಿಯಲ್ಲಿ ಆ ಮಹಾಸಂಸ್ಥೆ ದಿವಾಳಿಯ ರಕ್ಷಣೆ ಬೇಡಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಕಿಟಕಿ ತೊಳೆಯಿರೆಂಬ ಸಲಹೆಯನ್ನು ಕೇಳುವುದು ಎಲ್ಲರಿಗೂ ಸುಲಭ. ನಮ್ಮ ಬುಡವನ್ನೇ ಪ್ರಶ್ನಿಸುವ ಸಲಹೆಯನ್ನು ಕೇಳಿಕೊಳ್ಳುವಾಗಲೇ ಸಂಸ್ಥೆಯ ಸತ್ತ್ವ ಪರೀಕ್ಷೆಗೆ ಬರುತ್ತದೆ. ಈ ಮಾತನ್ನು ತಾವು ನೆನಪಿಟ್ಟುಕೊಳ್ಳಿರಿ. ನಮ್ಮ ಶಾಲೆಯ ಸಂಗತಿ ಹೇಳುವಾಗ ಮತ್ತೆ ಬೇಕಾಗುತ್ತದೆ.

ಸಭೆ ಸೇರಿ ವಿಚಾರಮಾಡುವ ಬಗೆಯನ್ನು ಕುರಿತೂ ಒಂದು ಮಾತು ಹೇಳಬೇಕು. ಅಮೇರಿಕೆಯಲ್ಲಿ ಜಾಹೀರಾತಿನ ವ್ಯವಸಾಯದಲ್ಲಿದ್ದ ಅಲೆಕ್ಸ್ ಆಸ್‌ಬರ್ನ್ ಎಂಬವರು, ಹಲವರು ಕೂಡಿ ವಿಚಾರಗಳನ್ನು ಹೊರತರುವ ಒಂದು ಪದ್ಧತಿಯನ್ನು ರೂಪಿಸಿ 1953ರಲ್ಲಿ ಅದನ್ನು ಕುರಿತು ಗ್ರಂಥ ಬರೆದರು. ಮೊದಲು ಯಾರೂ ಯಾರ ಮಾತನ್ನೂ ಹಳಿಯಬಾರದು. ಎಷ್ಟು ವಿಚಿತ್ರವಾದರೂ ಹೇಳಬಹುದು. ಆದಷ್ಟು ಹೆಚ್ಚು ವಿಚಾರಗಳು ಬರಲಿ. ಒಬ್ಬರದಕ್ಕೆ ಇನ್ನೊಬ್ಬರು ಕೂಡಿಸಿ ಬೆಳೆಸಲಿ. ಇವು ಅವರ ನಾಲ್ಕು ನಿಯಮಗಳು. ಆದರೆ 1958ರಲ್ಲಿ ಯೇಲ್ ವಿಶ್ವವಿದ್ಯಾಲಯದ ವಿದ್ವಾಂಸರು ಇದನ್ನು ಪರೀಕ್ಷಿಸಿ ನೋಡಿದಾಗ, ನಾಲ್ವರು ಒಂದೆಡೆ ಕುಳಿತು ಹೇಳಿದ್ದಕ್ಕಿಂತ, ಬೇರೆಬೇರೆ ಕುಳಿತ ನಾಲ್ವರು ಬರೆದುದನ್ನು ಕೂಡಿಸಿದರೆ ವಿಚಾರಗಳು ಹೆಚ್ಚಾಗಿ ಬಂದವು. ಕಾರಣ ನಮಗೆಲ್ಲ ಅನುಭವದ್ದೇ. ಸಭೆಯಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಕಾಯಬೇಕು. ಕಾಯುವಷ್ಟರಲ್ಲಿ ಹೊಳೆದದ್ದು ಮರೆಯುತ್ತದೆ. ಸಂಕೋಚದವರು ಬಾಯಿ ತೆರೆಯುವುದೇ ಇಲ್ಲ. ಆದುದರಿಂದ ಮೊದಲು ಒಬ್ಬೊಬ್ಬರೂ ಬರೆಯಬೇಕು, ಅನಂತರ ಕೂಡಿ ಚರ್ಚಿಸಬೇಕು. ಗುರುಗಳು ಪ್ರಶ್ನೆ ಕೇಳಿದೊಡನೆ ಮುಂದಿನ ಸಾಲಿನ ಮೂವರೇ ಕೈಯೆತ್ತುವ ತರಗತಿಗೂ ಇದು ಒಳ್ಳೆಯ ಪಾಠ.

ಇವೆಲ್ಲ ಪರದೇಶದ ಮಾತಾಯಿತೆಂದು ತಾವು ಅನ್ನಬಹುದು. ನಮ್ಮವರ ಉದಾಹರಣೆಗೂ ಕೊರತೆಯಿಲ್ಲ. ಪುಣೆಯ ಬಳಿಯ ಖಡಕವಾಸಲಾ ಜಲಾಶಯದಲ್ಲಿ 1903ರಲ್ಲಿ, ಪ್ರವಾಹ ಗೊತ್ತಾದ ಮಟ್ಟಕ್ಕೇರಿದಾಗ ತಾವಾಗಿಯೇ ತೆರೆದು, ಇಳಿದಾಗ ತಾವಾಗಿಯೇ ಮುಚ್ಚುವ ಬಾಗಿಲುಗಳನ್ನು ಕೂಡಿಸಿದರು. ಅವುಗಳ ಕರ್ತೃ ಅಂದಿನ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಇಂಜಿನಿಯರರಾಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರು. ಕಟ್ಟೆಯನ್ನು ಎತ್ತರಿಸದೆಯೇ ಹೆಚ್ಚು ನೀರು ನಿಲ್ಲಿಸುವ ಈ ವಿಚಾರ ಇಲಾಖೆಯೊಳಗಿನ ಒಬ್ಬ ನೌಕರರಿಗೆ ಹೊಳೆದದ್ದು. ಇಲಾಖೆ ಅದನ್ನು ಪರೀಕ್ಷೆಗೆ ಒಡ್ಡಲು ಒಂದು ಜಲಾಶಯವನ್ನೇ ಒದಗಿಸಿತು.

ಆ ಮಹನೀಯರು ಮುಂದೆ ಮೈಸೂರಿಗೆ ಬಂದ ಮೇಲೆ ವಿಚಾರಗಳನ್ನು ಕೂಡಿಹಾಕುವ ಏರ್ಪಾಡನ್ನು ಇಡಿಯ ಸಂಸ್ಥಾನಕ್ಕೆ ವಿಸ್ತರಿಸಿದರು. ಅಲ್ಲಿ 1881ರಲ್ಲಿಯೇ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಪ್ರಜಾಪ್ರತಿನಿಧಿ ಸಭೆ ಹುಟ್ಟಿತ್ತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರು ಸಂಪದಭ್ಯುದಯ ಸಮಾಜವು ಸ್ಥಾಪಿತವಾಯಿತು. ಅಧಿಕಾರಿಗಳೂ ಊರ ಪ್ರಮುಖರೂ ಒಂದೇ ಮೇಜಿಗೆ ಬಂದು ಕೃಷಿ, ವಿದ್ಯಾಭ್ಯಾಸ, ಕೈಗಾರಿಕೆ ಮತ್ತು ವಾಣಿಜ್ಯ ಎಂಬ ಮೂರು ಸಮಿತಿಗಳಲ್ಲಿ ಸೂಚನೆಗಳನ್ನು ಪರಿಶೀಲಿಸಿದರು. 1913ರ ಮೈಸೂರು ಬ್ಯಾಂಕು ಆ ಚರ್ಚೆಗಳ ಫಲ. ಕನ್ನಡ ನುಡಿಯ ಏಳಿಗೆಗೆ ಒಂದು ಸಂಸ್ಥೆ ಬೇಕೆಂಬ ಸೂಚನೆಯೂ ಅಲ್ಲಿಯೇ ಬಲಗೊಂಡು, 1915ರಲ್ಲಿ ಬೆಂಗಳೂರಿನಲ್ಲಿ ಸಾಹಿತ್ಯ ಪರಿಷತ್ತು ಜನ್ಮತಾಳಿತು. ಆ ಪರಿಷತ್ತಿನ ಸಮ್ಮೇಳನ 1950ರಲ್ಲಿ ನಮ್ಮ ಸೊಲ್ಲಾಪುರದಲ್ಲಿಯೇ ನೆರೆದುದನ್ನು ಹಿರಿಯರು ಇಂದಿಗೂ ಅಭಿಮಾನದಿಂದ ಹೇಳುತ್ತಾರೆ. ಸಮಿತಿಯ ಕಡತದಲ್ಲಿ ಬಿದ್ದ ಒಂದು ಸೂಚನೆ ಕೆಡದೆ ಬೆಳೆದರೆ ಎಷ್ಟು ದೂರ ನೆರಳು ಚಾಚಬಲ್ಲುದೆಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕೆ?

ಈಗ ನಮ್ಮ ಮನೆಯ ಮಾತು. ನಮ್ಮ ಶಾಲೆಯೂ ಒಂದು ಸಂಸ್ಥೆ. ಸಣ್ಣದು, ಬಡವಾದುದು, ಗಡಿಯಾಚೆ ನಿಂತು ಕನ್ನಡವನ್ನು ಕಾಯುತ್ತಿರುವಂಥದು. ನಮ್ಮ ಮಕ್ಕಳು ಮನೆಯಲ್ಲಿ ಕನ್ನಡ, ಪೇಟೆಯಲ್ಲಿ ಮರಾಠಿ, ಮುಂದಿನ ಓದಿನಲ್ಲಿ ಇಂಗ್ಲಿಷು ಎಂಬ ಮೂರು ದಾರಿ ಕೂಡುವ ಚೌಕದಲ್ಲಿ ಬೆಳೆಯುತ್ತಾರೆ. ಬಾಲಭಾರತಿಯವರು ಅಚ್ಚುಹಾಕಿದ ಕನ್ನಡ ಪುಸ್ತಕಗಳಿಂದ ಹತ್ತನೆಯ ಇಯತ್ತೆಯವರೆಗೆ ಓದಿ ಹನ್ನೊಂದಕ್ಕೆ ಹೋದೊಡನೆ, ವಿಷಯ ಗೊತ್ತಿದ್ದರೂ ಶಬ್ದ ಗೊತ್ತಿಲ್ಲದೆ ತಬ್ಬಿಬ್ಬಾಗುತ್ತಾರೆ. ಕಳೆದ ವರ್ಷ ಒಂಬತ್ತನೆಯ ಇಯತ್ತೆಯ ವಿದ್ಯಾರ್ಥಿನಿಯೊಬ್ಬಳು ಅಕ್ಕನ ಈ ಕಷ್ಟವನ್ನು ಕಂಡು, ವಿಜ್ಞಾನದ ವಹಿಯ ಹಿಂದಿನ ಹಾಳೆಗಳಲ್ಲಿ ಮೂರು ಪಂಕ್ತಿ ಎಳೆದು ಶಬ್ದಗಳನ್ನು ಬರೆಯೋಣವೆ ಎಂದು ಕೇಳಿದಳು. ನಾವು ಕನ್ನಡದಲ್ಲಿ ದ್ಯುತಿಸಂಶ್ಲೇಷಣೆ ಎನ್ನುವುದನ್ನು ಮರಾಠಿಯಲ್ಲಿ ಪ್ರಕಾಶಸಂಶ್ಲೇಷಣವೆಂದೂ ಇಂಗ್ಲಿಷಿನಲ್ಲಿ ಫೋಟೋಸಿಂಥೆಸಿಸ್ ಎಂದೂ ಹೇಳುತ್ತಾರೆ. ನಮ್ಮ ವೇಗೋತ್ಕರ್ಷ ಅಲ್ಲಿ ತ್ವರಣ, ಮತ್ತೊಂದರಲ್ಲಿ ಎಕ್ಸಲರೇಶನ್. ವಿಜ್ಞಾನದ ಗುರುಗಳು ಇದನ್ನು ಒಂದೇ ತರಗತಿಯಲ್ಲಿ, ಒಂದೇ ವಿಷಯದಲ್ಲಿ, ಮೂರು ತಿಂಗಳು ನಡೆಸಿ ನೋಡಿದರು. ಇದೇ ನಮ್ಮ ಮೇಣದ ಹಡಗು. ಅದು ತೇಲಿತು. ಈ ವರ್ಷ ಎಂಟರಿಂದ ಹತ್ತನೆಯ ಇಯತ್ತೆಯವರೆಗೆ ಗಣಿತಕ್ಕೂ ಭೂಗೋಲಕ್ಕೂ ಅದನ್ನು ವಿಸ್ತರಿಸಿದ್ದೇವೆ. ಖರ್ಚು ಒಂದು ಪೈಸೆಯೂ ಇಲ್ಲ.

ಒಬ್ಬ ಬಾಲಿಕೆಯ ಬಾಯಿಂದ ಬಂದದ್ದು ಉಳಿಯಿತು. ಬಾರದೆ ಹೋದವು ಎಷ್ಟಿರಬಹುದು? ಅದು ದೈವಾಧೀನವಾಗಬಾರದೆಂದು ಆಡಳಿತ ಮಂಡಲಿಯ ಸಮ್ಮತಿಯಿಂದ ಈ ವರ್ಷದಿಂದ ಒಂದು ಪದ್ಧತಿಯನ್ನು ಹಾಕುತ್ತಿದ್ದೇವೆ. ಶಾಲೆಯ ಕಚೇರಿಯಲ್ಲಿ ಒಂದು ವಿಚಾರದ ವಹಿ ಇರುತ್ತದೆ. ವಿದ್ಯಾರ್ಥಿ, ಪಾಲಕ, ಶಿಕ್ಷಕ, ಸಿಪಾಯಿ ಯಾರೇ ಆಗಲಿ ತಮ್ಮ ಸೂಚನೆಯನ್ನು ಬರೆದು ಕೊಡಬಹುದು. ಬರೆಯಬಾರದವರು ಬಾಯಿಂದ ಹೇಳಿದರೆ ನಾವು ಬರೆದುಕೊಳ್ಳುತ್ತೇವೆ. ಹೆಸರಿರಬೇಕು, ಆದರೆ ಬೇಡವೆಂದವರ ಹೆಸರು ನಮ್ಮಲ್ಲಿಯೇ ಉಳಿಯುತ್ತದೆ. ಪ್ರತಿ ಶನಿವಾರ ವಹಿಯನ್ನು ಓದಲಾಗುವುದು. ಹದಿನೈದು ದಿನಗಳೊಳಗೆ ಪ್ರತಿಯೊಂದಕ್ಕೂ ಉತ್ತರ ಬರುತ್ತದೆ. ಆಗುವುದಿಲ್ಲವೆಂದರೆ ಏಕೆ ಆಗುವುದಿಲ್ಲವೆಂಬುದನ್ನೂ ಬರೆಯುತ್ತೇವೆ. ಆಗುವಂಥದನ್ನು ಮೊದಲು ಸಣ್ಣದಾಗಿ ಮಾಡಿ ನೋಡುತ್ತೇವೆ. ಬಿಟ್ಟುಬಿಟ್ಟ ಸೂಚನೆಗಳನ್ನು ವರ್ಷದ ಕೊನೆಗೆ ಮತ್ತೊಮ್ಮೆ ಓದುತ್ತೇವೆ. ಏಕೆಂದರೆ ಇಂದಿನ ನಿರುಪಯೋಗಿ ಅಂಟು ನಾಳೆಯ ಚೀಟಿಯಾದೀತು.

ಇನ್ನು ಕೊಡ್ಯಾಕಿನ ಪಾಠ. ಪಾಲಕ ಬಂಧುಗಳೆ, ಇದನ್ನು ಮುಚ್ಚಿಟ್ಟು ಫಲವಿಲ್ಲ. ಕನ್ನಡ ಶಾಲೆಯಿಂದ ಮಕ್ಕಳನ್ನು ಬಿಡಿಸಿ ಇಂಗ್ಲಿಷು ಮಾಧ್ಯಮಕ್ಕೆ ಸೇರಿಸುವ ಮನೆಗಳಿವೆ. ಶಾಲೆ ಬಿಟ್ಟ ಪ್ರಮಾಣಪತ್ರಕ್ಕೆ ಬಂದವರನ್ನು ಕಾರಣ ಕೇಳಿದರೆ, ಮನೆ ದೂರವಾಯಿತೆಂದೋ ಬಂಧುಗಳು ಹೇಳಿದರೆಂದೋ ದಾಕ್ಷಿಣ್ಯದ ಮಾತನ್ನಾಡಿ ಹೋಗುತ್ತಾರೆ. ಆ ದಾಕ್ಷಿಣ್ಯದಿಂದ ನಮಗೆ ಆಗುವ ಹಾನಿ ಬಹಳ. ಹರಿದ ನೂಲಿನ ಸುದ್ದಿ ತಿಳಿಯದ ಮಗ್ಗದಂತೆ ನಾವು ಓಡುತ್ತಲೇ ಇರುತ್ತೇವೆ. ಇಂಗ್ಲಿಷಿನಲ್ಲಿ ಮಾತನಾಡುವ ಅಭ್ಯಾಸ ಸಾಲದೆ? ಮರಾಠಿಯ ಕಲಿಕೆ ಸಾಲದೆ? ಗಣಿತದ ಅಭ್ಯಾಸ ಹಗುರವಾಯಿತೆ? ಮುಂದೆ ಉದ್ಯೋಗಕ್ಕೆ ದಾರಿ ಕಾಣದೆ? ಯಾವುದೇ ಇರಲಿ, ನೇರವಾಗಿ ಹೇಳಿರಿ. ಕನ್ನಡದಲ್ಲಿ ಕಲಿಸುವುದು ನಮ್ಮ ಶಾಲೆಯ ಪ್ರಾಣ. ಅದನ್ನು ಬಿಟ್ಟುಕೊಡುವ ಪ್ರಶ್ನೆಯಿಲ್ಲ. ಆದರೆ ಕನ್ನಡದೊಡನೆ ಮತ್ತೇನನ್ನು ಹೇಗೆ ಕಲಿಸಬೇಕೆಂಬುದು ಕಲ್ಲಿನಲ್ಲಿ ಕೊರೆದ ಶಾಸನವಲ್ಲ. ಪ್ರಾಣವಾವುದು, ಅಂಗಿಯಾವುದು ಎಂಬ ವಿವೇಕವಿದ್ದವನು ಅಂಗಿಯನ್ನು ಬದಲಿಸಲು ಅಂಜುವುದಿಲ್ಲ. ಕಹಿಯಾದ ಮಾತು ಬಂದರೂ ಅದನ್ನು ವಹಿಯಲ್ಲಿ ಮೊದಲ ಸಾಲಿಗೆ ಬರೆಯುವೆವೆಂದು ಇಲ್ಲಿ ಎಲ್ಲರ ಸಮಕ್ಷಮ ವಚನ ಕೊಡುತ್ತೇವೆ.

ಮನೆಗಳಲ್ಲಿಯೂ ತಾವು ಒಂದು ಉಪಕಾರ ಮಾಡಬೇಕು. ಮಗು ಒಂದು ಹೊಸ ಮಾತು ಹೇಳಿದಾಗ, ನಿನಗೇನು ತಿಳಿಯುತ್ತದೆ ಸುಮ್ಮನಿರು ಎನ್ನಬೇಡಿರಿ. ಮಾಡಲಾಗದ ಮಾತಾದರೂ, ಏಕೆ ಮಾಡಲಾಗದೆಂದು ಎರಡು ವಾಕ್ಯ ಹೇಳಿರಿ. ಕಾರಣ ಕೇಳಿದ ಮಗು ನಾಳೆ ಇನ್ನೊಂದು ಒಳ್ಳೆಯ ವಿಚಾರ ತರುತ್ತದೆ. ಗದರಿಸಿಕೊಂಡ ಮಗು ಮತ್ತೆ ತರುವುದಿಲ್ಲ.

ವಿದ್ಯಾರ್ಥಿಗಳೆ, ನಿಮಗೂ ಎರಡು ಮಾತು. ಇದು ಹೀಗಾಗಬೇಕಿತ್ತು ಎಂದು ಗೊಣಗುವುದು ವಿಚಾರವಲ್ಲ. ಎಲ್ಲಿ ತೊಡಕಿದೆ, ಏನು ಮಾಡಬಹುದು, ಯಾರು ಮಾಡಬೇಕು, ಅದರಲ್ಲಿ ನನ್ನ ಕೈ ಎಷ್ಟು ಎಂಬ ನಾಲ್ಕಕ್ಕೂ ಉತ್ತರವಿದ್ದರೆ ಅದು ವಿಚಾರ. ಡ್ರೂ ಬಣ್ಣಗಾರರ ಬೈಗುಳ ಕೇಳಿ ನಕ್ಕು ಹೋಗಲಿಲ್ಲ. ವೈದ್ಯ ಶೋಸೆನ್ ಪತ್ರ ಬರೆದು ಮನೆಗೆ ಹೋಗಿ ಮಲಗಲಿಲ್ಲ. ಎರಡನೆಯದಾಗಿ, ನಿಮ್ಮ ಸೂಚನೆ ಒಪ್ಪಿಗೆಯಾಗದಿದ್ದರೆ ಮುನಿಯಬೇಡಿರಿ. ಉತ್ತರದಲ್ಲಿ ಹೇಳಿದ ಕಾರಣವನ್ನು ಓದಿ, ತಿದ್ದಿ ಮತ್ತೆ ತನ್ನಿರಿ.

ಸೋಮವಾರ ಮುಂಜಾನೆಯ ಪ್ರಾರ್ಥನೆಯಾದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಬಿಳಿಯ ಹಾಳೆ ಕೊಡಲಾಗುವುದು. ಐದು ನಿಮಿಷ ಯಾರೂ ಯಾರೊಡನೆಯೂ ಮಾತಾಡದೆ ತಮಗೆ ತೋಚಿದ್ದನ್ನು ಬರೆಯಬೇಕು. ಇಂದು ಬಂದ ಪಾಲಕರೂ ಹೋಗುವ ಮೊದಲು ಬಾಗಿಲ ಬಳಿಯ ಮೇಜಿನಲ್ಲಿ ಒಂದೊಂದು ಹಾಳೆ ತೆಗೆದುಕೊಂಡು ಹೋಗಬೇಕೆಂದು ಪ್ರಾರ್ಥಿಸುತ್ತೇವೆ. ಮುಂದಿನ ಸಮ್ಮೇಳನದಲ್ಲಿ ಎಷ್ಟು ಸೂಚನೆ ಬಂದವು, ಎಷ್ಟು ನಡೆದವು, ಎಷ್ಟನ್ನು ಏಕೆ ಬಿಟ್ಟೆವು ಎಂಬ ಲೆಕ್ಕವನ್ನು ಫಲಿತಾಂಶದ ಲೆಕ್ಕದ ಪಕ್ಕದಲ್ಲಿಯೇ ವರದಿಯಲ್ಲಿ ಓದುವೆವು. ಆ ಲೆಕ್ಕ ಕೇಳುವ ಅಧಿಕಾರ ತಮ್ಮದು.